ಅಜ್ಜಿಹಸಿರು

"ಇದು ಕಿಟಕಿ ಗಾಜಿದ್ದ ಹಾಗೆ ಕಣಮ್ಮ, ಏನನ್ನೂ ಮುಚ್ಚಿಡಲ್ಲ," ಎಂದಳು ಒಡವೆ ಅಂಗಡಿಯ ಯಜಮಾನಿ, ಮದುವೆಯ ಉಂಗುರಕ್ಕೆ ಕಲ್ಲು ಆರಿಸಲು ಬಂದಿದ್ದ ಪೇಯುನ್ ಕೈಗೆ ಭೂತಗನ್ನಡಿ ಕೊಡುತ್ತ. ಪೇಯುನ್ ಬಗ್ಗಿ ನೋಡಿದಳು. ಉದ್ದನೆಯ ವಜ್ರ, ನಾಲ್ಕೂ ಮೂಲೆ ಸವರಿದ್ದು, ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬೆಳಕು. ನಟ್ಟನಡುವೆ ಒಂದು ಕಪ್ಪು ಚುಕ್ಕೆ, ಸೊಳ್ಳೆ ಬಂದು ಕೂತ ಹಾಗೆ.

ಪಕ್ಕದ ತಟ್ಟೆಯಲ್ಲಿ ಚುಕ್ಕೆಯಿಲ್ಲದ್ದೊಂದು ಇತ್ತು. ಆದರೆ ಆ ಕಲ್ಲನ್ನು ಹುಡುಕುವುದಕ್ಕೇ ಭೂತಗನ್ನಡಿ ಬೇಕಾಗಿತ್ತು. ಮದುಮಗ ಯಾನ್‌ಚೆಂಗ್ ಕೂಡಿಟ್ಟಿದ್ದ ಎಂಬತ್ತು ಸಾವಿರಕ್ಕೆ ತೈಪೆಯ ಆ ಬೀದಿಯಲ್ಲಿ ಸಿಗುವುದು ಇವೆರಡೇ. ದುಂಡು ವಜ್ರವಾದರೆ ಮಿನುಗಿನಲ್ಲಿ ಕಲೆ ಮರೆಯಾಗುತ್ತದೆ, ಸುಮ್ಮನೆ ಅದನ್ನು ತಗೊಳ್ಳಿ ಎಂದು ಯಜಮಾನಿ ಹೇಳಿ ಹೇಳಿ ಸೋತಿದ್ದಳು. ಪೇಯುನ್‌ಗೆ ದುಂಡು ಬೇಡ. ಅಕ್ಕನದು ದುಂಡು, ಆಫೀಸಿನವರೆಲ್ಲರದೂ ದುಂಡು. ಅವಳ ಕಣ್ಣೆಲ್ಲ ಮೂರನೆಯ ತಟ್ಟೆಯ ಮೇಲೆ. ಅದೇ ಉದ್ದನೆಯ ಆಕಾರ, ದೊಡ್ಡದು, ಸ್ವಚ್ಛ, ಬೆಲೆ ಮಾತ್ರ ದುಪ್ಪಟ್ಟು.

ಯಾನ್‌ಚೆಂಗ್‌ನ ತಾಯಿ ಶ್ಯೂಲ್ವಾನಮ್ಮ ಮಂಡಿನೋವೆಂದು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಬಿಟ್ಟಿ ಚಹಾ ಹೀರುತ್ತಿದ್ದಳು. ಈ ಬೀದಿಯಲ್ಲೇ ಚಿನ್ನ ಕೊಂಡು, ಮಾರಿ, ಚೌಕಾಸಿ ಮಾಡಿ ಕೂದಲು ನರೆಸಿಕೊಂಡವಳು. ಈಚೆಗೆ ಆಕೆಯ ಬಾಯಲ್ಲಿ ಒಂದೇ ಜಪ, ಮೊಮ್ಮಗು. ಮದುವೆಯೇ ಇನ್ನೂ ಆಗಿಲ್ಲ ಅನ್ನುವುದು ಆಕೆಗೆ ಲೆಕ್ಕಕ್ಕೇ ಇರಲಿಲ್ಲ.

"ಅಷ್ಟೊತ್ತಿಂದ ಅದೇನ್ ನೋಡ್ತಿದೀರೋ?" ಎಂದಳು ಕೂತಲ್ಲಿಂದಲೇ.

"ಅಜ್ಜಿಹಸಿರು, ಆಂಟಿ," ಎಂದಳು ಪೇಯುನ್.

ನಮ್ಮ ಚೀನೀ ಭಾಷೆಯಲ್ಲಿ ಪಚ್ಚೆಗೆ ಹೆಸರೇ ಅಜ್ಜಿಹಸಿರು. ಪಚ್ಚೆಯಂತೆ ಕೊರೆದ ವಜ್ರಕ್ಕೂ ಅದೇ ಹೆಸರು. ಅದರೊಳಗೆ ಅಜ್ಜಿ ಹೇಗೆ ಬಂದು ಸೇರಿಕೊಂಡಳೋ ನನಗಂತೂ ಗೊತ್ತಿಲ್ಲ.

ಶ್ಯೂಲ್ವಾನಮ್ಮ ಲೋಟ ಕೆಳಗಿಟ್ಟಳು. "ಅಜ್ಜಿನಾ? ಯಾರು, ನಾನಾ?"

ಮಂಡಿನೋವು ಎಲ್ಲಿ ಹೋಯಿತೋ, ಎರಡೇ ಹೆಜ್ಜೆಗೆ ಬಂದವಳು ಪೇಯುನ್‌ಳ ಗಲ್ಲ ಸವರಿ, ಹೊಟ್ಟೆಯ ಕಡೆ ಒಮ್ಮೆ ನೋಡಿ ಕಣ್ಣೊರೆಸಿಕೊಂಡಳು. ಇಂಥ ಹೊತ್ತಿನಲ್ಲಿ ನನ್ನ ಸೊಸೆಗೆ ಸೊಳ್ಳೆ ಕೂತ ಕಲ್ಲು ತೊಡಿಸುತ್ತೀಯೇನೋ ಎಂದು ಮಗನನ್ನು ತರಾಟೆಗೆ ತೆಗೆದುಕೊಂಡಳು. ಕೈಯಿಂದ ದಪ್ಪ ಚಿನ್ನದ ಬಳೆ ಕಳಚಿ ತಕ್ಕಡಿಯ ಮೇಲಿಟ್ಟು, ಆ ದೊಡ್ಡದನ್ನೇ ಕೊಡು, ಕಡಿಮೆ ಬೀಳುವುದನ್ನು ಇದರಲ್ಲಿ ಮುರಿದುಕೋ ಎಂದು ಯಜಮಾನಿಗೆ ಹೇಳಿದಳು.

ಪೇಯುನ್ ಬಾಯಿ ತೆರೆದಳು. ಗಾಜಿನ ಕಟ್ಟೆಯ ಕೆಳಗೆ ಯಾನ್‌ಚೆಂಗ್ ಅವಳ ಕಾಲು ತುಳಿದ. ಅವಳು ಮೂರನೆಯ ತಟ್ಟೆಯನ್ನು ನೋಡಿದಳು, ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದಳು. ಅವಳಿಗೆ ನಿಜಕ್ಕೂ ನಾಚಿಕೆಯಾಗಿತ್ತು. ಅದು ಯಾವ ನಾಚಿಕೆಯೆಂದು ಯಾರೂ ಕೇಳಲಿಲ್ಲ.

ಯಜಮಾನಿ ಅಳತೆಯ ಉಂಗುರಗಳ ಗೊಂಚಲು ತಂದು ಒಂದೊಂದಾಗಿ ಹಾಕಿ ನೋಡಿ, ಹತ್ತನೇ ನಂಬರು ಸರಿಹೋಗುತ್ತದೆ ಎಂದಳು. ಶ್ಯೂಲ್ವಾನಮ್ಮ ಹದಿನಾಲ್ಕು ಮಾಡಿ ಎಂದಳು. ಬಸುರಿಯ ಬೆರಳು ಊದುತ್ತದೆ, ಆಮೇಲೆ ಸೋಪು ಹಚ್ಚಿ ಎಳೆಯುವ ಕರ್ಮ ಯಾಕೆ ಎನ್ನುವುದು ಆಕೆಯ ವಾದ.

"ಸಡಿಲ ಆಗುತ್ತೆ ಆಂಟಿ. ಬಿದ್ದುಹೋದ್ರೆ?"

"ಯಾಕಮ್ಮ ಬೀಳುತ್ತೆ? ಅಜ್ಜಿ ಅಂತ ನೀನೇ ಹೇಳಿದ್ಯಲ್ಲ."

ಪೇಯುನ್ ಸಹಾಯಕ್ಕೆಂದು ಯಾನ್‌ಚೆಂಗ್ ಕಡೆ ತಿರುಗಿದಳು. ಅವನು ಮಹಾ ಶ್ರದ್ಧೆಯಿಂದ ಫ್ಯಾನು ತಿರುಗುವುದನ್ನು ನೋಡುತ್ತಿದ್ದ. ಹದಿನಾಲ್ಕೇ ಇರಲಿ ಬಿಡಿ ಎಂದಳು ಪೇಯುನ್.

ಶ್ಯೂಲ್ವಾನಮ್ಮ ಗೊಂಚಲಿನಿಂದ ಹದಿನಾಲ್ಕನೇ ನಂಬರಿನದನ್ನು ಬಿಡಿಸಿ ತನ್ನ ಬೆರಳಿಗೆ ಏರಿಸಿದಳು. ಅದು ಆಕೆಗೆಂದೇ ಮಾಡಿಸಿದ ಹಾಗೆ ಕೂತಿತು.

"ಬರೋ ವರ್ಷ ಇಷ್ಟೊತ್ತಿಗೂ ನಿನ್ನ ಬೆರಳು ಊದದಿದ್ರೆ ಬೇಜಾರು ಮಾಡ್ಕೋಬೇಡಮ್ಮ," ಎಂದಳು, ಕೈಯನ್ನು ದೀಪದ ಬೆಳಕಿಗೆ ಹಿಡಿದು ತಿರುಗಿಸುತ್ತ. "ಹೆಂಗೂ ಕಲ್ಲಿನ ಹೆಸರಲ್ಲೇ ಅಜ್ಜಿ ಇದಾಳೆ. ನಾನೇ ಹಾಕ್ಕೋತೀನಿ."