ಕಾರು ಬೇಡ

"ಗುಂಡಿ ಒತ್ತಿದರೆ ಹಾಡುವಂಥದ್ದು ಬೇಡ," ಎಂದಳು ವಿಜೇತಾ, ಆಟಿಕೆ ಅಂಗಡಿಯ ಲವಿಟಾಳಿಗೆ. "ಮಗು ತಾನೇ ಕಥೆ ಕಟ್ಟಿ ಆಡುವಂಥದ್ದು ಎಂತ ಉಂಟು?"

ಅದು ಮಣಿಪಾಲದ ಡಾಕ್ಟರು ಹೇಳಿಕೊಟ್ಟ ಮಾತು. ನಾಲ್ಕು ವರ್ಷದ ಮಗಳು ತನ್ವಿ ಹಿಂದಿನ ತಿಂಗಳು ಅಪ್ಪನ ಜೊತೆ ಪಡುಬಿದ್ರಿಯ ಮದುವೆ ಔತಣಕ್ಕೆ ಹೋಗಿ ಬಂದವಳು ಮರುದಿನದಿಂದ ಬಾಯಿಯೇ ಬಿಟ್ಟಿರಲಿಲ್ಲ. ಪರೀಕ್ಷೆಗಳಲ್ಲಿ ದೋಷವೇನೂ ಸಿಗಲಿಲ್ಲ. ಆಡಲು ಬಿಡಿ, ಒಳಗಿರುವುದು ಆಟದಲ್ಲಿ ಹೊರಗೆ ಬರುತ್ತದೆ ಎಂದಿದ್ದರು ಡಾಕ್ಟರು.

ಲವಿಟಾ ಚಾಪೆಯ ಮೇಲೆ ಮರದ ರಸ್ತೆ, ಮನೆ, ಕಾರು, ಗೇಣುದ್ದದ ಗೊಂಬೆಗಳನ್ನು ಹರಡಿ ಬೇರೆ ಗಿರಾಕಿಯ ಕಡೆ ಹೋದಳು. ತನ್ವಿ ಕುಳಿತೇಬಿಟ್ಟಳು.

"ಕಾರು ಬೇಡ," ಎಂದ ಗಂಡ ವಿಶಾಲ್. "ಪಝಲ್ ತೆಗೆದುಕೊಳ್ಳುವ. ಬುದ್ಧಿಗೆ ಒಳ್ಳೆಯದು."

"ಸುಮ್ಮನಿರಿ ಮಾರಾಯ್ರೆ. ಇಷ್ಟು ದಿನದಲ್ಲಿ ಈಗ ಕೈ ಮುಂದೆ ಮಾಡಿದ್ದಾಳೆ."

ತನ್ವಿ ನೀಲಿ ಅಂಗಿಯ ಗಂಡು ಗೊಂಬೆಯೊಂದನ್ನು ರಸ್ತೆಯ ನಡುವೆ ನಿಲ್ಲಿಸಿ, ಕಾರನ್ನು ಓಡಿಸಿಕೊಂಡು ಬಂದು ಗುದ್ದಿದಳು. ಗೊಂಬೆ ಬಿತ್ತು. ಕಾರು ನಿಂತಿತು. ಸ್ವಲ್ಪ ಹಿಂದಕ್ಕೆ ಬಂತು. ಆಮೇಲೆ ಗೊಂಬೆಯ ಬದಿಯಿಂದ ಸುತ್ತಿ ಮುಂದೆ ಹೋಯಿತು. ಗೊಂಬೆಯನ್ನು ಎತ್ತಿ ನಿಲ್ಲಿಸಿದಳು. ಮತ್ತೆ ಅದೇ.

ವಿಜೇತಾ ಪಕ್ಕದಲ್ಲಿ ಕುಳಿತಳು. "ಬಿದ್ದದ್ದು ಯಾರು ಪುಟ್ಟಾ?"

ತನ್ವಿ ಅಪ್ಪನ ಮುಖ ನೋಡಿದಳು. "ನಾಯಿ," ಎಂದಳು. ತಿಂಗಳ ಬಳಿಕದ ಮೊದಲ ಮಾತು. "ನಾಯಿ ಅಂತಲೇ ಹೇಳಬೇಕು. ಅಲ್ವಾ ಅಪ್ಪಾ?"

ವಿಜೇತಾ ಗಂಡನ ಕಡೆ ತಿರುಗಿದಳು. ಪಡುಬಿದ್ರಿಯಿಂದ ಬರುವ ದಾರಿಯಲ್ಲಿ, ಕಾಪು ಬಳಿ ಹೆದ್ದಾರಿ ಬದಿಯಲ್ಲಿ ಹೆಣವಾಗಿ ಸಿಕ್ಕವನ ಸುದ್ದಿ ಪೇಪರಿನಲ್ಲಿ ಬಂದಿತ್ತು. ಗದಗದ ಕಡೆಯ ಗುರಲಿಂಗಪ್ಪ, ಗಾರೆ ಕೆಲಸದವನು. ಅದೇ ಮದುವೆಯ ರಾತ್ರಿ. ಯಾವ ವಾಹನವೋ ಗುದ್ದಿ ಹೋಗಿತ್ತು. ಬೆಳಗಾಗುವವರೆಗೆ ಯಾರೂ ನೋಡಿರಲಿಲ್ಲವಂತೆ. ಪಾಪ ಎಂದುಕೊಂಡು ಅವಳು ಪುಟ ತಿರುಗಿಸಿದ್ದಳು.

"ಬಿಟ್ಟು ಬಂದಿರಾ?" ಎಂದು ಗಂಡನನ್ನು ಕೇಳಿದಳು.

"ಮೆಲ್ಲ ಮಾತಾಡು." ವಿಶಾಲ್ ಅತ್ತಿತ್ತ ನೋಡಿದ. "ಕಾರು ಹಿಂದೆ ತೆಗೆದು ನೋಡಿದೆ, ವಿಜೇತಾ. ಆಗಲೇ ಜೀವ ಹೋಗಿತ್ತು. ಆಸ್ಪತ್ರೆಗೆ ಕೊಂಡುಹೋಗಿಯೂ ಪ್ರಯೋಜನ ಇರಲಿಲ್ಲ. ದೇವರಾಣೆ."

ಚಾಪೆಯ ಮೇಲೆ ತನ್ವಿ ಕಾರನ್ನು ರಸ್ತೆಯ ಕೊನೆಯವರೆಗೆ ತಳ್ಳಿದಳು. ಮತ್ತೆ ಹಿಂದಕ್ಕೆ ಬಗ್ಗಿ, ಮಲಗಿದ್ದ ಗೊಂಬೆಯ ಒಂದು ಕೈಯನ್ನು ಬೆರಳಿನಿಂದ ಮೇಲಕ್ಕೆತ್ತಿ, ಹೋಗುವ ಕಾರಿನ ಕಡೆಗೆ ಬೀಸತೊಡಗಿದಳು.