ಚಿಕ್ಕವ್ವ ಇಟ್ಟ ಎಡೆ

ಮೆಕ್ಸಿಕೋದವರು ಸತ್ತವರ ಹಬ್ಬಕ್ಕೆ ಮನೆಯಲ್ಲಿ ಚೆಂಡುಹೂ ಹರಡಿ, ಅವರಿಗಿಷ್ಟವಾದ ಅಡುಗೆ ಇಟ್ಟು ಕಾಯುತ್ತಾರಂತೆ. ಮೊಮ್ಮಗಳು ಅದನ್ನು ಓದಿ ಹೇಳುತ್ತಿದ್ದರೆ ನನ್ನ ಮೂಗಿಗೆ ಮಸ್ಕಿಯ ಮನೆಯ ಚೆಂಡುಹೂವಿನ ಕಟುವಾಸನೆ ಅಡರುತ್ತದೆ.

ಆಗ ನಿಜಾಮರ ಕಾಲ. ಅವ್ವ ತೀರಿಕೊಂಡು ವರ್ಷವಾಗಿತ್ತು. ಚಿಕ್ಕವ್ವ ಲಿಂಗಸುಗೂರಿನಿಂದ ಅಪ್ಪನ ಎರಡನೆಯ ಹೆಂಡತಿಯಾಗಿ ಬಂದು ಮೂರೇ ತಿಂಗಳು. ಸತ್ತ ಹಿರಿಯರಿಗೆ ಎಡೆಯಿಡುವ ಹಿರೇರ ಅಮಾವಾಸ್ಯೆಯ ಮಧ್ಯಾಹ್ನ ಅವಳು ಅವ್ವನ ಹಸಿರು ಇಳಕಲ್ ಸೀರೆಯನ್ನು ಮಣೆಯ ಮೇಲಿಟ್ಟು, ಚೆಂಡುಹೂ ಏರಿಸಿ, ಅವ್ವನಿಗಿಷ್ಟವಾದ ಪುಂಡಿಪಲ್ಯ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಎಡೆಯಿಟ್ಟಳು.

“ಬಾಗ್ಲಾ ಹಾಕ್ರಿ. ಆಕಿ ಬಂದು ಉಂಡು ಹೋಗ್ತಾಳ, ಯಾರೂ ಇಣಿಕಿ ನೋಡಬ್ಯಾಡ್ರಿ,” ಎಂದಳು ಅಜ್ಜಿ.

ನಾನು ಹಿತ್ತಲ ಬಾಗಿಲಿನಿಂದ ನುಸುಳಿ ತಾಟನ್ನು ಮಗುಚಿಹಾಕಿ ಬಂದೆ. ಚಿಕ್ಕವ್ವನ ಕೈಯಡುಗೆಯನ್ನು ಅವ್ವ ಉಣ್ಣಕೂಡದು ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಬಾಗಿಲು ತೆರೆದ ಚಿಕ್ಕವ್ವ ಮಗುಚಿದ ತಾಟನ್ನು ಕಂಡಳು. ಸತ್ತವಳ ಮುನಿಸು ತಟ್ಟದಿರಲೆಂದು ಅವ್ವನ ಹೆಸರಿನಲ್ಲಿ ಕಟ್ಟಿಕೊಂಡಿದ್ದ ಸವತಿ ತಾಳಿಯನ್ನು ಬೆರಳಲ್ಲಿ ಹಿಡಿದುಕೊಂಡಳು.

“ಅಕ್ಕ ನನ್ನ ಒಲ್ಲೆ ಅಂದಾಳ್ರಿ ಅತ್ತಿ.”

“ಬೆಕ್ಕು ಬಂದಿರಬೇಕ್ ಬಿಡವ್ವ,” ಎಂದ ಅಜ್ಜಿ, ನನ್ನ ಬೆರಳಿಗಂಟಿದ ಪಲ್ಯವನ್ನು ತನ್ನ ಸೆರಗಿನಿಂದ ಒರೆಸಿದಳು.

ಮರುವರ್ಷದಿಂದ ಆ ಹಬ್ಬಕ್ಕೆ ಚಿಕ್ಕವ್ವ ಒಲೆ ಮುಟ್ಟಲಿಲ್ಲ. “ನೀನ ಇಡವ್ವ, ನಿಮ್ಮವ್ವ ನಿನ್ನ ಕೈದು ಉಣ್ತಾಳ,” ಎಂದು ಹೊರಗೆ ಕಟ್ಟೆಯ ಮೇಲೆ ಕುಳಿತಿರುತ್ತಿದ್ದಳು. ಸಾಯುವತನಕ ಹಾಗೆಯೇ ಕುಳಿತಳು. ನಾನು ಬಾಯಿ ಬಿಡಲಿಲ್ಲ.

ಈಗ ಅವಳಿಗೂ ನಾನೇ ಎಡೆಯಿಡುತ್ತೇನೆ. ಬಾಗಿಲು ತೆರೆದಾಗ ತಾಟು ಇಟ್ಟಂತೆಯೇ ಇರುತ್ತದೆ.