ಚಂದ್ರನ ಮೇಲಿನ ಮೋರ್ಸಿಂಗು

ವಾರಪತ್ರಿಕೆಯೊಂದರ ಉಪಸಂಪಾದಕಿ ಕೆಲಸದ ಸಂದರ್ಶನಕ್ಕೆ ಮಂದಾಕಿನಿ ಬಂದು ಕೂತಿದ್ದಳು. ಹಿಂದಿನ ಮೂರು ಕೆಲಸಗಳೂ ಸಂದರ್ಶನದಲ್ಲಿ ಅವಳು ಬಾಯಿ ಬಿಡದ್ದರಿಂದಲೇ ಕೈತಪ್ಪಿದ್ದವು. ಈ ಸಲ ಗೊತ್ತಿದ್ದದ್ದನ್ನು ಹೇಳಿಯೇ ಬಿಡಬೇಕೆಂದು ಡೈರಿಯಲ್ಲಿ ಬರೆದುಕೊಂಡಿದ್ದಳು.

ಸಿನಿಮಾ, ಸಂಗೀತ, ಚರಿತ್ರೆ, ಎಲ್ಲದಕ್ಕೂ ಮೆಲುದನಿಯಲ್ಲೇ ಸರಿಯುತ್ತರ ಕೊಟ್ಟಳು. ಸಂಪಾದಕರು ಕನ್ನಡಕ ಏರಿಸಿಕೊಂಡು, "ಕೊನೇದು ಕಣಮ್ಮಾ. ಚಂದ್ರನ ಮೇಲೆ ಮೊದಲು ನುಡಿಸಿದ ವಾದ್ಯ ಯಾವುದು?" ಎಂದರು.

"ಅಲ್ಲಿ ಯಾರೂ ಏನೂ ನುಡಿಸಿಲ್ಲ ಸಾರ್. ಗಾಳಿಯೇ ಇಲ್ಲವಲ್ಲ, ಕೇಳಿಸೋದು ಹೇಗೆ?"

"ತಪ್ಪು! ಮೋರ್ಸಿಂಗು. ನಮ್ಮ ಪತ್ರಿಕೆಯ 'ನಿಮಗಿದು ಗೊತ್ತೇ?' ಅಂಕಣದಲ್ಲೇ ಬಂದಿದೆ. ಅಚ್ಚಾಗಿರೋದು ಸುಳ್ಳಾಗುತ್ತೇನಮ್ಮಾ?"

ಮಂದಾಕಿನಿಗೆ ಡೈರಿಯ ಮಾತು ನೆನಪಾಯಿತು.

"ಸಾರ್, ಅದನ್ನ ಬರೆದದ್ದು ನಾನೇ. ಹೋದ ವರ್ಷ ಇಲ್ಲಿಗೇ ತರಬೇತಿಗೆ ಬಂದಿದ್ದೆ, ನಿಮಗೆ ಮರೆತಿರಬೇಕು. ಪುಟದಲ್ಲಿ ನಾಲ್ಕು ಸಾಲು ಜಾಗ ಉಳಿದಿದೆ, ಏನಾದ್ರೂ ತುಂಬಮ್ಮಾ ಅಂದಿದ್ರಿ. ತಲೆಗೆ ತೋಚಿದ್ದನ್ನ ಬರೆದುಬಿಟ್ಟೆ."

ಸಂಪಾದಕರು ಪೆನ್ನೆತ್ತಿಕೊಂಡು ಅವಳ ಅರ್ಜಿಯ ಮೇಲೆ ಬರೆದರು: "ತಾನೇ ಬರೆದದ್ದೂ ನೆನಪಿಲ್ಲ. ಜ್ಞಾಪಕಶಕ್ತಿ ಸಾಲದು."